ಪಕ್ಕದ ಸೈಟಲ್ಲಿ ಹದಿನೆಂಟು ಮಹಡಿ ಏಳ್ತಾ ಇದೆ

ಸಂಪಂಗಿರಾಮನಗರದಲ್ಲಿ ನಮ್ಮನೆಗೆ ದಕ್ಷಿಣಕ್ಕಿರೋ ಸೈಟಲ್ಲಿ ಎರಡು ಬೇಸ್‌ಮೆಂಟು, ಅದರ ಮೇಲೆ 18 ಮಹಡಿ ಬರ್ತಾ ಇದೆ. ಹತ್ತಿರ ಹತ್ತಿರ 60 ಮೀಟರ್ ಎತ್ತರ. ಈ ವಿಷಯ ನಮಗೆ ಬಿಲ್ಡರ್ ಕಡೆಯವರು ಬಂದು ಹೇಳಿದ್ದಲ್ಲ, ಸೈಟ್ ಮುಂದೆ ಹಾಕಿರೋ ಬೋರ್ಡಲ್ಲಿ ಇದ್ದಿದ್ದು ಬರೀ ಸ್ವಿಮ್ಮಿಂಗ್ ಪೂಲ್ ಫೋಟೋ. ಕರ್ನಾಟಕ ರೇರಾ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ವೆಬ್‌ಸೈಟಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ ಹುಡುಕಿದಾಗ ಪ್ಲಾನ್ ಸಿಕ್ತು, ಎಷ್ಟು ಆಳ ಅಗೀತಾರೆ, ಎಷ್ಟು ಮಹಡಿ, ಯಾವಾಗ ಮುಗಿಸ್ತೀವಿ ಅಂತ ಬರ್ಕೊಟ್ಟಿದ್ದಾರೆ ಎಲ್ಲ ಅಲ್ಲಿತ್ತು. ಫ್ಲಾಟ್ ತಗೊಳ್ಳೋರಿಗೆ ಅಂತ ಮಾಡಿರೋ ವ್ಯವಸ್ಥೆ ಅದು, ಆದ್ರೆ ಯಾರು ಬೇಕಾದ್ರೂ ನೋಡಬಹುದು. ಪಕ್ಕದಲ್ಲಿ ಶೀಟ್ ಹೊಡೆದ ದಿನಾನೇ ಮೊದಲು ಈ ಕೆಲಸ ಮಾಡಿ ಅಂತ ನಾನು ಗೊತ್ತಿರೋರಿಗೆಲ್ಲ ಹೇಳ್ತಾ ಇದ್ದೀನಿ.

ಎತ್ತರದ ಬಿಲ್ಡಿಂಗೇ ಬೇಡ ಅನ್ನೋಳಲ್ಲ ನಾನು. ಬೆಂಗಳೂರಿಗೆ ಜನ ಬರೋದು ನಿಲ್ಲಲ್ಲ, ಬಂದೋರು ಎಲ್ಲಾದ್ರೂ ಇರ್ಲೇಬೇಕಲ್ವಾ. ಊರ ಮಧ್ಯ ಮೇಲಕ್ಕೆ ಹೋಗಲಿಲ್ಲ ಅಂದ್ರೆ ಹೊಸಕೋಟೆ ಕಡೆಗೋ ಆನೇಕಲ್ ಕಡೆಗೋ ಅಗಲಕ್ಕೆ ಹರಡುತ್ತೆ, ಅಲ್ಲಿನ ಹೊಲ ಕೆರೆ ಗೋಮಾಳ ಎಲ್ಲ ಲೇಔಟ್ ಆಗುತ್ತೆ, ಆ ಲೇಔಟಲ್ಲಿ ಮನೆ ಮಾಡಿದೋರು ದಿನಾ ಊರೊಳಗೆ ಬಂದು ಹೋಗೋದ್ರಲ್ಲೇ ಆಯಸ್ಸು ಕಳೀತಾರೆ. ನಮ್ಮ ಬೀದಿಯಿಂದ ಕಬ್ಬನ್ ಪಾರ್ಕಿಗೆ ನಡ್ಕೊಂಡು ಹೋಗ್ಬಹುದು, ಕಾರ್ಪೊರೇಷನ್ ಸರ್ಕಲ್ಲಿಗೆ ಹೋದ್ರೆ ಯಾವ ಕಡೆಗೆ ಬೇಕಾದ್ರೂ ಬಸ್ಸಿದೆ. ಇಂಥ ಜಾಗದಲ್ಲಿ ಒಂದು ಮನೆ ಇದ್ದ ಕಡೆ ಹತ್ತಾರು ಸಂಸಾರ ಬಂದ್ರೆ ಒಳ್ಳೇದೇ. ನಾನು ಚಿಕ್ಕೋಳಿದ್ದಾಗ ಎಂ.ಜಿ. ರೋಡಿನ ಯುಟಿಲಿಟಿ ಬಿಲ್ಡಿಂಗು, ಅದೇ 25 ಮಹಡಿದು, ಅದನ್ನ ತೋರಿಸೋಕೆ ಅಂತಲೇ ಊರಿಂದ ಬಂದ ನೆಂಟರನ್ನ ಕರ್ಕೊಂಡು ಹೋಗ್ತಿದ್ವಿ, ಈಗ ನಮ್ಮ ಟೆರೇಸ್ ಮೇಲೆ ನಿಂತ್ರೆ ಯುಬಿ ಸಿಟಿ ಟವರ್‌ಗಳು ಕಾಣ್ತವೆ, ಸಂಜೆ ಹೊತ್ತು ನೋಡೋಕೆ ಚೆನ್ನಾಗೇ ಇರುತ್ತೆ.

ನನ್ನ ತಕರಾರು ಇರೋದು ಒಂದೇ. ಕಾಂಪೌಂಡಿಂದ ಆಚೆ ಇರೋರನ್ನ ಯಾರೂ ಒಂದು ಮಾತು ಕೇಳಲ್ಲ. ಪ್ಲಾನ್ ಸ್ಯಾಂಕ್ಷನ್ ಆಗೋಕೆ ಮುಂದಿನ ರಸ್ತೆ ಎಷ್ಟು ಅಗಲ ಇದೆ, ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ) ಎಷ್ಟು, ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ, ಫೈರ್‌ನೋರ ಎನ್‌ಓಸಿ, ಬೆಸ್ಕಾಂ, ಜಲಮಂಡಳಿ ಎಲ್ಲ ಬೇಕು, ಎಚ್‌ಎಎಲ್ ಏರ್‌ಪೋರ್ಟ್ ಹತ್ತಿರ ಇರೋದ್ರಿಂದ ಎತ್ತರಕ್ಕೂ ಎನ್‌ಓಸಿ ಬೇಕು. ಅಷ್ಟು ಮೇಲೆ ಹಾರೋ ವಿಮಾನಕ್ಕೆ ತೊಂದರೆ ಆಗುತ್ತಾ ಅಂತ ನೋಡ್ತಾರೆ. ಮೂರಡಿ ಆಚೆ ಇರೋ ಗೋಡೆಗೆ ಏನಾಗುತ್ತೆ ಅಂತ ಕೇಳಿರೋ ಒಂದು ಹಾಳೆ ನಾನು ನೋಡಿದ ಕಾಗದಗಳಲ್ಲಿ ಇರ್ಲಿಲ್ಲ.

ನಮ್ಮ ಏರಿಯಾ ಹೆಂಗಿರೋ ಜಾಗ ಅಂತ ಸ್ವಲ್ಪ ಹೇಳ್ಬೇಕು. ಈಗ ಕಂಠೀರವ ಸ್ಟೇಡಿಯಂ ಇರೋ ಜಾಗ ಮುಂಚೆ ಸಂಪಂಗಿ ಕೆರೆ. ಊರಿಗೆ ನೀರು ಕೊಡ್ತಿದ್ದ ಕೆರೆ ಅದು, ಸುತ್ತ ತಿಗಳರ ತೋಟಗಳಿದ್ವು, ಸೊಪ್ಪು ತರಕಾರಿ ಹೂವು ಬೆಳೀತಿದ್ರು. 1896ರಲ್ಲಿ ಹೆಸರಘಟ್ಟದಿಂದ ಪೈಪಲ್ಲಿ ನೀರು ಬಂದ ಮೇಲೆ ಊರೊಳಗಿನ ಕೆರೆಗಳನ್ನ ಕೇಳೋರು ಕಮ್ಮಿಯಾದ್ರು, ನಿಧಾನಕ್ಕೆ ಒಣಗಿಸಿ ಮೈದಾನ ಮಾಡಿದ್ರು. ಈಗ ಉಳಿದಿರೋದು ಸ್ಟೇಡಿಯಂ ಪಕ್ಕ ಒಂದು ಚಿಕ್ಕ ಕಲ್ಯಾಣಿ, ಕರಗದ ಟೈಮಲ್ಲಿ ಅಲ್ಲಿ ಪೂಜೆ ನಡೆಯುತ್ತೆ. ಕೆರೆ ಹೋಗಿದೆ ನಿಜ, ಆದ್ರೆ ಕೆಳಗಿರೋ ಮಣ್ಣು ಎಲ್ಲಿಗೆ ಹೋಗುತ್ತೆ ಹೇಳಿ. ನಮ್ಮ ಬೀದೀಲಿ ಮೋರಿಗೆ ಅಂತ ಸ್ವಲ್ಪ ಆಳ ಅಗೆದ್ರೂ ಕಪ್ಪು ಜೇಡಿ ಬರುತ್ತೆ, ಮಳೆಗಾಲದಲ್ಲಿ ಒರತೆ ಬರುತ್ತೆ, ಇನ್ನೂ ಕೆಳಗೆ ಹೋದ್ರೆ ಬಂಡೆ. ಬೇಸ್‌ಮೆಂಟ್ ತೋಡೋರಿಗೆ ಈ ಮೂರೂ ಕಷ್ಟಾನೇ, ಮಣ್ಣು ಕುಸಿಯುತ್ತೆ, ನೀರು ತುಂಬುತ್ತೆ, ಬಂಡೆ ಒಡೀಬೇಕು. ಆ ಕಷ್ಟ ಅವರ ಸೈಟಲ್ಲೇ ನಿಲ್ಲಲ್ಲ, ನಮ್ಮನೆ ಕೆಳಗೂ ಬರುತ್ತೆ.

ನಮ್ಮನೆ ತಾತನ ಕಾಲದ್ದು. ಸೈಜುಗಲ್ಲಿನ ತಳಪಾಯ, ಗಾರೆ ಗೋಡೆ, ಮದ್ರಾಸ್ ತಾರಸಿ, ಕೆಂಪು ರೆಡ್ ಆಕ್ಸೈಡ್ ನೆಲ. ಪಿಲ್ಲರ್ ಗಿಲ್ಲರ್ ಒಂದೂ ಇಲ್ಲ, ಗೋಡೆಗಳೇ ಭಾರ ಹೊರೋದು. ಈ ತರ ಮನೆಗೆ ತಳದ ಮಣ್ಣು ಒಂದು ಕಡೆ ಸ್ವಲ್ಪ ಕೂತ್ರೂ ತಡ್ಕೊಳ್ಳೋ ಶಕ್ತಿ ಇರಲ್ಲ, ಮೊದಲು ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬರುತ್ತೆ. ಸುಮ್ನೆ ಪ್ಲಾಸ್ಟರ್ ಒಣಗಿ ಬರೋ ಕೂದಲೆಳೆ ಬಿರುಕು ಹೆಂಗೆಂಗೋ ಓಡಿರುತ್ತೆ, ತಳ ಕೂತು ಬರೋದು ಕಿಟಕಿ ಬಾಗಿಲ ಮೂಲೆ ಹಿಡ್ಕೊಂಡು ಮೆಟ್ಟಿಲು ತರ ಅಥವಾ ಓರೆಯಾಗಿ ಹತ್ತುತ್ತೆ, ಇದು ನನಗೆ ಗೊತ್ತಾಗಿದ್ದು ನಮ್ಮ ಮಾವನ ಸ್ನೇಹಿತರೊಬ್ಬರು ರಿಟೈರ್ಡ್ ಪಿಡಬ್ಲ್ಯೂಡಿ ಇಂಜಿನಿಯರ್ ಬಂದು ನೋಡಿದ ಮೇಲೆ.

ಮೊದಲು ಆ ಸೈಟಲ್ಲಿದ್ದ ಹಳೇ ಮನೆ ಕೆಡವಿದ್ರು, ಅದು ಬೇಗ ಮುಗೀತು. ಆಮೇಲೆ ಸೈಟ್ ಸುತ್ತ ಪೈಲ್, ಅಂದ್ರೆ ನೆಲದೊಳಗೆ ಹೋಗೋ ಕಂಬ, ಇಳಿಸಿದ್ರು, ಮಣ್ಣು ತೆಗೆದ್ರು, ಟಿಪ್ಪರ್ ಮೇಲೆ ಟಿಪ್ಪರ್. ಬಂಡೆ ಸಿಕ್ಕಿದ ಮೇಲೆ ಬ್ರೇಕರ್ ಬಂತು. ಬ್ರೇಕರ್ ಸದ್ದು ಕಿವಿಗೆ ಬರೋಕೆ ಮುಂಚೆ ಕಾಲಿಗೆ ಬರುತ್ತೆ, ನೆಲದ ಮೇಲೆ ಕೂತಿದ್ರೆ ಸೊಂಟಕ್ಕೆ ಬರುತ್ತೆ. ಅಡುಗೆ ಮನೆ ಸ್ಟ್ಯಾಂಡಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಅಲುಗಾಡೋದು, ದೇವರ ಮನೇಲಿ ಗಂಟೆ ತಾನಾಗೇ ನಡುಗೋದು. ಅಮ್ಮಂಗೆ ಬಿಪಿ ಇದೆ, ಮಧ್ಯಾಹ್ನ ಒಂದ್ಗಳಿಗೆ ಮಲಗೋ ಅಭ್ಯಾಸ, ಅದು ತಪ್ಪೋಯ್ತು. ಇದನ್ನ ನಾನು ಹೋಗಿ ಸೈಟ್ ಇಂಜಿನಿಯರ್ ಹತ್ರ ಹೇಳಿದೆ, ಹಾಸನದ ಕಡೆ ಹುಡುಗ, ಒಳ್ಳೆಯವನೇ. ಊಟದ ಹೊತ್ತಲ್ಲಿ ಬ್ರೇಕರ್ ನಿಲ್ಲಿಸ್ತೀನಿ ಮೇಡಂ ಅಂದ, ನಿಲ್ಲಿಸಿದ ಕೂಡ. ಅಷ್ಟು ಸುಲಭಕ್ಕೆ ಆಗೋ ಕೆಲಸಕ್ಕೆ ನಾವೇ ಹೋಗಿ ಕೇಳ್ಬೇಕಾಯ್ತು ಅನ್ನೋದೇ ನನಗೆ ಬೇಜಾರು.

ಆದ್ರೆ ನಿಜವಾಗಿ ಸಿಟ್ಟು ಬಂದಿದ್ದು ನೈಲಿಂಗ್ ವಿಷಯಕ್ಕೆ. ಒಂದಿನ ಬೆಳಿಗ್ಗೆ ಅಮ್ಮ ಹಿತ್ತಿಲಿಗೆ ಹೋಗಿ ಗಾಬರಿಯಾಗಿ ಕೂಗಿದ್ರು. ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಬಿರಿದು ಬೂದು ಬಣ್ಣದ ಸಿಮೆಂಟ್ ಹಾಲು ಗುಳುಗುಳು ಅಂತ ಉಕ್ಕಿ ಬರ್ತಾ ಇತ್ತು. ನೆಲದಿಂದ. ನಾವು ನೋಡ್ತಾ ಇದ್ದಂಗೇ ಗಿಡದ ಸುತ್ತ ಹರಡಿ ಕಲ್ಲುಬೆಂಚಿನ ತನಕ ಬಂತು. ಓಡಿ ಹೋಗಿ ಕಾಂಪೌಂಡ್ ಮೇಲಿಂದ ಬಗ್ಗಿ ನೋಡಿದ್ರೆ ಕೆಳಗೆ ಗುಂಡೀಲಿ ಮಷೀನ್ ಇಟ್ಟು ಗೋಡೆಯೊಳಕ್ಕೆ, ಅಂದ್ರೆ ನಮ್ಮ ಕಡೆಗೆ, ಓರೆಯಾಗಿ ತೂತು ಕೊರೀತಿದ್ದಾರೆ. ಅಗೆದ ಗುಂಡಿಯ ಪಕ್ಕದ ಮಣ್ಣು ಕುಸೀಬಾರ್ದು ಅಂತ ಉದ್ದುದ್ದ ಕಬ್ಬಿಣದ ರಾಡು ಮಣ್ಣೊಳಗೆ ಕಳಿಸಿ ಪ್ರೆಶರಲ್ಲಿ ಸಿಮೆಂಟ್ ತುಂಬ್ತಾರೆ, ಮೇಲೆ ಜಾಲರಿ ಹಾಕಿ ಕಾಂಕ್ರೀಟ್ ಸಿಂಪಡಿಸ್ತಾರೆ, ಇದಕ್ಕೇ ನೈಲಿಂಗ್ ಅನ್ನೋದು. ಪದ್ಧತಿ ಒಳ್ಳೇದೇ, ಅದು ಮಾಡದೇ ಇದ್ರೆ ನಮ್ಮ ಕಾಂಪೌಂಡೇ ಅವರ ಗುಂಡಿಗೆ ಬಿದ್ದಿರೋದು. ಆದ್ರೆ ಆ ರಾಡು ಮೀಟರ್‌ಗಟ್ಟಲೆ ಉದ್ದ ಇರುತ್ತೆ, ಗಡಿ ದಾಟಿ ನಮ್ಮ ಹಿತ್ತಿಲ ಕೆಳಗೆ ಬಂದು ಕೂತಿದೆ. ನಾಳೆ ನಾವು ಅಲ್ಲಿ ಬೋರ್ ಕೊರೆಸಬೇಕು, ಸಂಪ್ ಮಾಡ್ಬೇಕು ಅಂದ್ರೆ ಏನ್ ಮಾಡೋದು? ನಮ್ಮ ಜಾಗ, ನಮ್ಮ ಹೆಸರಲ್ಲಿ ಖಾತೆ, ಕಂದಾಯ ಕಟ್ಟೋದು ನಾವು, ಕೆಳಗೆ ಅವರ ಕಬ್ಬಿಣ. ಕೇಳಿದ್ದಕ್ಕೆ ಕಂಟ್ರಾಕ್ಟರ್ ಕಡೆ ಮನುಷ್ಯ ಹೇಳಿದ್ದು, ಎಲ್ಲಾ ಕಡೆ ಹಿಂಗೇ ಮಾಡೋದು ಮೇಡಂ, ಯಾರೂ ಕೇಳಲ್ಲ ಅಂತ.

ಯಾರೂ ಕೇಳಲ್ಲ ಅಂತ ಅವ್ರು ಹೇಳಿದ್ದು ನಿಜಾನೇ ಇರ್ಬಹುದು, ಯಾಕಂದ್ರೆ ನೆಲದ ಕೆಳಗೆ ಆಗೋದು ಯಾರ ಕಣ್ಣಿಗೂ ಬೀಳಲ್ಲ. ನಮಗೆ ಗೊತ್ತಾಗಿದ್ದು ಸಿಮೆಂಟ್ ಹಾಲು ಮೇಲೆ ಬಂದಿದ್ದಕ್ಕೆ. ಕರಿಬೇವಿನ ಗಿಡ ಆಮೇಲೆ ಬದುಕ್ಲಿಲ್ಲ.

ಗುಂಡಿ ಕೆಳಗೆ ಹೋದಂಗೆ ನೀರು ಬಂತು. ಹಗಲೂ ರಾತ್ರಿ ಪಂಪ್ ಹಾಕಿ ಮೋರಿಗೆ ಬಿಟ್ರು. ಎದುರು ಮನೆ ತಾತನ ಹತ್ರ ಇನ್ನೂ ಬಾವಿ ಇದೆ, ಬೇಸಿಗೇಲೂ ಬಗ್ಗಿ ನೋಡಿದ್ರೆ ನೀರು ಕಾಣ್ತಿತ್ತು, ಆ ಸಲ ತಳದ ಕಲ್ಲು ಕಾಣಿಸ್ತು. 2024ರ ಮಾರ್ಚಲ್ಲಿ ನೀರಿಗೆ ಹಾಹಾಕಾರ ಆಗಿ ಜಲಮಂಡಳಿ ಕುಡಿಯೋ ನೀರನ್ನ ಕಟ್ಟಡ ಕೆಲಸಕ್ಕೆ ಬಳಸಬಾರ್ದು, ಬಳಸಿದ್ರೆ 5000 ರೂಪಾಯಿ ದಂಡ ಅಂತ ಆರ್ಡರ್ ಮಾಡಿದ್ದು ನಿಮಗೆ ನೆನಪಿರಬಹುದು. ಒಂದು ಕಡೆ ಸಂಸ್ಕರಿಸಿದ ನೀರು ತಂದು ಕಟ್ಟಿ ಅಂತಾರೆ, ಇನ್ನೊಂದು ಕಡೆ ನೆಲದೊಳಗಿಂದ ಬಂದ ಒಳ್ಳೇ ನೀರನ್ನ ತಿಂಗಳುಗಟ್ಟಲೆ ಮೋರಿಗೆ ಬಿಡ್ತಾರೆ. ಪೈಪ್ ಹಾಕಿ ಕಲ್ಯಾಣಿಗೋ ಪಾರ್ಕಿಗೋ ಬಿಟ್ಟಿದ್ರೆ ಎಷ್ಟು ಮರ ಬದುಕ್ತಿತ್ತೋ. ನೀರು ಹಿಂಗೆ ಎಳೆದಾಗ ಅದರ ಜೊತೆ ಸಣ್ಣ ಮಣ್ಣೂ ಹೋಗುತ್ತೆ, ಸುತ್ತಲಿನ ನೆಲ ಸ್ವಲ್ಪ ಸ್ವಲ್ಪ ಕೂರುತ್ತೆ. ಆ ಪಿಡಬ್ಲ್ಯೂಡಿ ಇಂಜಿನಿಯರ್ ಅಂಕಲ್ ಹೇಳಿದಂಗೆ ನಮ್ಮ ಅಡುಗೆ ಮನೆ ಕಿಟಕಿಯ ಕೆಳಗಿನ ಮೂಲೆಯಿಂದ ಓರೆಯಾಗಿ ಬಿರುಕು ಬಿತ್ತು.

ಅವರೇ ಹೇಳ್ಕೊಟ್ಟ ಉಪಾಯ ಇದು. ಬಿರುಕಿನ ತುದಿ ಎಲ್ಲಿ ನಿಂತಿದೆಯೋ ಅಲ್ಲಿ ಪೆನ್ಸಿಲಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೀಬೇಕು. ಮಧ್ಯ ಎರಡು ಕಡೆ ಗಾಜಿನ ಪಟ್ಟಿ ಅಂಟಿಸಬೇಕು, ಸ್ಲೈಡ್ ತರ ತೆಳ್ಳಗಿರೋದು, ಎರಡೂ ದಡಕ್ಕೆ ಗಟ್ಟಿಯಾಗಿ ಹಿಡ್ಕೊಳ್ಳೋ ಹಾಗೆ. ಬಿರುಕು ಇನ್ನೂ ಬಾಯಿ ಬಿಡ್ತಿದ್ರೆ ಗಾಜು ಒಡೆಯುತ್ತೆ, ಒಡೀಲಿಲ್ಲ ಅಂದ್ರೆ ನಿಂತಿದೆ ಅಂತ ಅರ್ಥ. ನಮ್ಮ ಅಡುಗೆ ಮನೆ ಗೋಡೆ ಮೇಲೆ ಈಗ ಪೆನ್ಸಿಲ್ ಗೆರೆಗಳು ಏಣಿ ತರ ಮೇಲಕ್ಕೆ ಹತ್ತಿವೆ, ಒಂದೊಂದರ ಪಕ್ಕ ಅಮ್ಮನ ಕೈಬರಹದಲ್ಲಿ ತಾರೀಖು. ಮೊದಲನೇ ಗಾಜು ಒಡೀತು, ಎರಡನೇದೂ ಒಡೀತು, ಬೇಸ್‌ಮೆಂಟ್ ಗೋಡೆ ಎದ್ದು ಸುತ್ತ ಮಣ್ಣು ತುಂಬಿದ ಮೇಲೆ ಹಾಕಿದ ಗಾಜು ಮಾತ್ರ ಹಂಗೇ ಇದೆ. ಈ ಗೆರೆಗಳನ್ನ ತೋರಿಸಿದ್ರೂ ಬಿಲ್ಡರ್ ಕಡೆಯವರ ಉತ್ತರ, ಹಳೇ ಮನೆ ಅಲ್ವಾ ಮೇಡಂ, ಮೊದಲೇ ಇತ್ತೇನೋ. ಮೊದಲು ಇರ್ಲಿಲ್ಲ ಅನ್ನೋಕೆ ನಮ್ಮ ಹತ್ರ ಅಡುಗೆ ಮನೇಲಿ ತೆಗೆದ ಹಬ್ಬದ ಫೋಟೋಗಳಿವೆ, ಅದರಲ್ಲಿ ಹಿಂದಿನ ಗೋಡೆ ಕಾಣುತ್ತೆ, ಅದನ್ನೇ ಇಟ್ಕೊಂಡು ಇನ್ನೂ ಓಡಾಡ್ತಾ ಇದ್ದೀವಿ.

ರಾತ್ರಿ ಸ್ಲ್ಯಾಬ್ ವಿಷಯ. ಊರ ಮಧ್ಯದ ರಸ್ತೆಗಳಲ್ಲಿ ಹಗಲು ಹೊತ್ತು ದೊಡ್ಡ ಲಾರಿಗಳಿಗೆ ನಿರ್ಬಂಧ, ಹಂಗಾಗಿ ಮಿಕ್ಸರ್ ಲಾರಿಗಳು ರಾತ್ರಿನೇ ಬರೋದು. ಪ್ಲಾಂಟಲ್ಲಿ ಕಲಸಿದ ಕಾಂಕ್ರೀಟ್ ಗಂಟೆಗಳಲ್ಲಿ ಗಟ್ಟಿಯಾಗೋಕೆ ಶುರುವಾಗುತ್ತೆ, ಒಂದು ಸ್ಲ್ಯಾಬ್ ಅರ್ಧಕ್ಕೆ ನಿಲ್ಲಿಸಿದ್ರೆ ಹಳೇದಕ್ಕೂ ಹೊಸದಕ್ಕೂ ಸರಿಯಾಗಿ ಕೂಡ್ಕೊಳ್ಳಲ್ಲ, ಆಮೇಲೆ ಅಲ್ಲಿಂದ ನೀರು ಸೋರುತ್ತೆ. ಇದೆಲ್ಲ ನನಗೆ ಅರ್ಥ ಆಗುತ್ತೆ. ಆದ್ರೆ ರಿವರ್ಸ್ ತಗೊಳ್ಳೋ ಲಾರಿ ಪೀಂ ಪೀಂ, ಪಂಪಿನ ಗುಡುಗು, ಮೇಲೆ ವೈಬ್ರೇಟರ್ ಸದ್ದು, ಕಬ್ಬಿಣ ಬಿಸಾಕೋ ಸದ್ದು, ಬೆಳಗಿನ ಜಾವ ಮೂರು ಗಂಟೆ ತನಕ ಅಂದ್ರೆ ಮಾರನೇ ದಿನ ಸ್ಕೂಲಿಗೆ ಹೋಗೋ ಮಕ್ಕಳು, ಕೆಲಸಕ್ಕೆ ಹೋಗೋರು ಏನ್ ಮಾಡ್ಬೇಕು. ಶಬ್ದ ಮಾಲಿನ್ಯದ ನಿಯಮ 2000ದಿಂದ ಇದೆ, ಜನ ವಾಸ ಮಾಡೋ ಕಡೆ ಹಗಲು 55 ಡೆಸಿಬಲ್, ರಾತ್ರಿ 45. 2010ರಲ್ಲಿ ಅದಕ್ಕೆ ಇನ್ನೊಂದು ಸೇರಿಸಿದ್ರು, ವಾಸದ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಸದ್ದು ಮಾಡೋ ಕಟ್ಟಡದ ಯಂತ್ರಗಳನ್ನ ನಡೆಸಲೇಬಾರ್ದು ಅಂತ. ಕಾಗದದ ಮೇಲೆ ಸ್ಪಷ್ಟ ಇದೆ. 112ಕ್ಕೆ ಫೋನ್ ಮಾಡಿದ್ರೆ ಗಾಡಿ ಬರುತ್ತೆ, ಕೆಲಸ ನಿಲ್ಲುತ್ತೆ, ಗಾಡಿ ಹೋದ ಮೇಲೆ ಶುರುವಾಗುತ್ತೆ. ಹಗಲು ಲಾರಿ ಬಿಡಲ್ಲ ಅನ್ನೋ ನಿಯಮ, ರಾತ್ರಿ ಯಂತ್ರ ನಡೆಸಬಾರ್ದು ಅನ್ನೋ ನಿಯಮ, ಎರಡೂ ಮಾಡಿದೋರು ಒಂದೇ ಟೇಬಲ್ಲಿಗೆ ಕೂತು ಮಾತಾಡಿದ್ರೆ ಭಾನುವಾರ ಹಗಲು ಇಷ್ಟು ಲಾರಿ ಬಿಡ್ತೀವಿ ಅಂತಾದ್ರೂ ಒಂದು ದಾರಿ ಸಿಗುತ್ತೆ. ನಮ್ಮ ಬೀದಿಯೋರೆಲ್ಲ ಸೇರಿ ಹೋಗಿ ಮಾತಾಡಿದ ಮೇಲೆ ಈಗ ಸ್ಲ್ಯಾಬ್ ಇರೋ ದಿನ ಮುಂಚೆನೇ ವಾಟ್ಸಾಪಲ್ಲಿ ಮೆಸೇಜ್ ಬರುತ್ತೆ, ಹತ್ತೂವರೆಗೆ ಮುಗಿಸೋಕೆ ನೋಡ್ತಾರೆ. ಕೆಲವು ಸಲ ಆಗಲ್ಲ. ಆದ್ರೂ ಗೊತ್ತಿದ್ದು ನಿದ್ದೆ ಕೆಡೋದಕ್ಕೂ ಗೊತ್ತಿಲ್ದೇ ಕೆಡೋದಕ್ಕೂ ವ್ಯತ್ಯಾಸ ಇದೆ.

ಇಷ್ಟರ ಮಧ್ಯ ಕಟ್ಟೋ ಜನರ ಬಗ್ಗೆ ಯಾರೂ ಬರೆಯಲ್ಲ. ಬಿಹಾರ, ಜಾರ್ಖಂಡ್, ಬಂಗಾಳದೋರು ಶಟ್ಟರಿಂಗ್, ಕಬ್ಬಿಣ ಕಟ್ಟೋ ಕೆಲಸಕ್ಕೆ, ಕ್ಯೂರಿಂಗು, ಮಣ್ಣು ಕೆಲಸಕ್ಕೆ ನಮ್ಮ ಯಾದಗಿರಿ ಕಡೆಯೋರು. ಶೀಟ್ ಶೆಡ್ಡಲ್ಲಿ ಇರ್ತಾರೆ, ಬೇಸಿಗೇಲಿ ಅದರೊಳಗೆ ನಿಲ್ಲೋಕಾಗಲ್ಲ. ಯಾದಗಿರಿ ಕಡೆ ಹೆಂಗಸೊಬ್ಬಳು ಗೇಟ್ ಹತ್ರ ಬಂದು "ಅಕ್ಕಾರ, ಒಂದು ಕೊಡ ನೀರ ಕೊಡ್ರಿ, ಟ್ಯಾಂಕರ್ ಬಂದಿಲ್ರಿ ಇವತ್ತ" ಅಂತ ಕೇಳಿದಾಗಿಂದ ಅಮ್ಮಂಗೆ ಅವಳ ಜೊತೆ ಸ್ನೇಹ. ಊರಲ್ಲಿ ಏನ್ ಬೆಳೀತೀರಮ್ಮಾ ಅಂದಿದ್ದಕ್ಕೆ "ಮಳಿ ಬಂದ್ರ ತೊಗರಿ, ಹತ್ತಿ, ಬರ್ಲಿಲ್ಲಂದ್ರ ಬೆಂಗಳೂರ ರೀ" ಅಂದ್ಲು. ಅವಳ ಮಗು ಜಲ್ಲಿ ರಾಶಿ ಪಕ್ಕ ಸೀರೆ ಜೋಲೀಲಿ ಮಲಗಿರುತ್ತೆ, ಆ ಧೂಳಲ್ಲಿ. 1996ರ ಕಟ್ಟಡ ಕಾರ್ಮಿಕರ ಕಾನೂನಲ್ಲಿ 50ಕ್ಕಿಂತ ಹೆಚ್ಚು ಹೆಂಗಸರು ಕೆಲಸಕ್ಕಿದ್ರೆ ಮಕ್ಕಳಿಗೆ ರೂಮ್ ಕಡ್ಡಾಯ ಅಂತ ಬರೆದಿದ್ರು, ಇಂಥ ಸೈಟಲ್ಲಿ ಅಷ್ಟು ಹೆಂಗಸರು ಎಲ್ಲಿರ್ತಾರೆ. ಕಟ್ಟೋ ಖರ್ಚಲ್ಲಿ 1% ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಅಂತಲೇ ಕಟ್ಟಿಸ್ಕೋತಾರೆ, ಅದರಲ್ಲಿ ನಾಲ್ಕು ಸೈಟಿಗೆ ಸೇರಿ ಒಂದು ಮಕ್ಕಳ ರೂಮ್ ಮಾಡೋಕಾಗಲ್ವಾ? ನಮಗೆ ಧೂಳು ಅಂದ್ರೆ ಎರಡು ಸಲ ನೆಲ ಒರೆಸೋದು, ತುಳಸಿ ಎಲೆ ತೊಳೆಯೋದು. ಅವಳಿಗೆ ಅದೇ ಮನೆ.

ಇನ್ನು ಬಿಸಿಲು. ಇದನ್ನ ಯಾರೂ ಲೆಕ್ಕ ಹಾಕಲ್ಲ, ನಾನು ಕೂತು ಹಾಕಿದೆ. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ, ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ನಡು ಮಧ್ಯಾಹ್ನಾನೂ ಸುಮಾರು 54 ಡಿಗ್ರಿ ಎತ್ತರದಲ್ಲೇ ಇರ್ತಾನೆ. 60 ಮೀಟರ್ ಕಟ್ಟಡದ ನೆರಳು ಆಗ ಉತ್ತರಕ್ಕೆ 44 ಮೀಟರ್ ಬೀಳುತ್ತೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಉತ್ತರಕ್ಕಿರೋದು ನಾವು. ಜೂನಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಬಂದಿರ್ತಾನೆ, ಆಗ ತೊಂದರೆ ಇಲ್ಲ, ಸೆಖೆ ಇರೋ ಏಪ್ರಿಲಲ್ಲೂ ನೆರಳು ಹೆಚ್ಚು ಬರಲ್ಲ. ಬಿಸಿಲು ಬೇಕು ಅನ್ನೋ ಧನುರ್ಮಾಸದಲ್ಲೇ ಸರಿಯಾಗಿ ನೆರಳು. ನಮ್ಮ ಟೆರೇಸಲ್ಲಿ ಸೋಲಾರ್ ಹೀಟರ್ ಇದೆ, ನಮ್ಮ ಬೀದೀಲಿ ಸುಮಾರು ಮನೇಲಿದೆ, ಸರ್ಕಾರನೇ ಹಾಕಿಸಿ ಹಾಕಿಸಿ ಅಂತ ವರ್ಷಗಟ್ಟಲೆ ಹೇಳಿ ಕರೆಂಟ್ ಬಿಲ್ಲಲ್ಲಿ ರಿಯಾಯಿತಿನೂ ಕೊಡ್ತು. ಈಗಾಗಲೇ ಎದ್ದಿರೋ ಮಹಡಿಗಳಿಗೇ ಹೋದ ಚಳಿಗಾಲ ನೀರು ಉಗುರು ಬೆಚ್ಚಗೆ ಬಂತು, ಮತ್ತೆ ಗೀಸರ್ ಹಾಕಿದ್ವಿ. ಪಕ್ಕದವರ ಬಿಸಿಲಿಗೆ ಬೆಲೆ ಇಲ್ವಾ? ಮಹಡಿ ಕಮ್ಮಿ ಮಾಡಿ ಅಂತ ನಾನು ಹೇಳ್ತಿಲ್ಲ. ಸೋಲಾರ್ ಕಳ್ಕೊಂಡ ಮನೆಗಳಿಗೆ ಅವರ ಟೆರೇಸಲ್ಲಿ ಒಂದಿಷ್ಟು ಪ್ಯಾನೆಲ್ ಜಾಗನೋ, ಬೇರೆ ಹೀಟರ್ ಖರ್ಚೋ ಕೊಡೋದು 18 ಮಹಡಿ ಕಟ್ಟೋರಿಗೆ ದೊಡ್ಡ ಮಾತಲ್ಲ.

ನಾನು ಕೇಳ್ತಿರೋದು ಇಷ್ಟೇ. ಮಣ್ಣಿಗೆ ಕೈ ಹಾಕೋಕೆ ಮುಂಚೆ ಸುತ್ತಲಿನ ಮನೆಗಳ ಗೋಡೆ, ನೆಲ, ತಾರಸಿ, ಬಾವಿ ನೀರಿನ ಮಟ್ಟ ಎಲ್ಲ ಎರಡೂ ಕಡೆಯವರು ಒಟ್ಟಿಗೆ ನೋಡಿ, ಫೋಟೋ ತೆಗೆದು, ಸಹಿ ಹಾಕಿ, ಒಂದು ಪ್ರತಿ ಮನೆಯವರಿಗೆ ಒಂದು ಪ್ರತಿ ಪಾಲಿಕೆಗೆ ಕೊಡ್ಬೇಕು. ಅದಿಲ್ದೇ ಕೆಲಸ ಶುರು ಮಾಡೋಕೆ ಬಿಡಬಾರ್ದು. ನೈಲಿಂಗ್ ಗಡಿ ದಾಟೋದಾದ್ರೆ ಬರವಣಿಗೇಲಿ ಒಪ್ಪಿಗೆ ಕೇಳ್ಬೇಕು, ಕೆಲಸ ಮುಗಿದ ಮೇಲೆ ಎಲ್ಲಿ ಎಷ್ಟು ಆಳದಲ್ಲಿದೆ ಅಂತ ನಕ್ಷೆ ಕೊಡ್ಬೇಕು. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಲ್ಲಿ ಐದು ಪಾಲಿಕೆ ಬಂದ್ವು, ನಾವು ಹೊಸ ಆಫೀಸಿಗೂ ಅರ್ಜಿ ಹಾಕಿದ್ದೀವಿ, ಸ್ವೀಕೃತಿ ಸಿಕ್ಕಿದೆ, ಉತ್ತರ ಇನ್ನೂ ಬಂದಿಲ್ಲ. ದೊಡ್ಡ ಪ್ರಾಜೆಕ್ಟಾದ್ರೆ, ಅಂದ್ರೆ 20,000 ಚದರ ಮೀಟರ್ ಮೇಲೆ ಕಟ್ಟೋದಾದ್ರೆ, ಪರಿಸರ ಅನುಮತಿ ಬೇಕು, ಅದರಲ್ಲಿ ಧೂಳಿಗೆ, ಸದ್ದಿಗೆ, ನೀರಿಗೆ ಏನೇನು ಷರತ್ತು ಹಾಕಿದ್ದಾರೆ ಅಂತ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್ಲಲ್ಲಿ ಓದಬಹುದು. ಆ ಷರತ್ತುಗಳನ್ನ ಪ್ರಿಂಟ್ ತಗೊಂಡು ಕೈಯಲ್ಲಿ ಹಿಡ್ಕೊಂಡು ಹೋಗಿ ಮಾತಾಡಿದ್ರೆ ಎದುರಿಗಿರೋರ ದನಿನೇ ಬದಲಾಗುತ್ತೆ.

ನಮ್ಮ ಬೀದಿ ಮೂಲೇಲಿರೋ ಹಂಚಿನ ಮನೆನೂ ಈಗ ಮಾರಾಟ ಆಗಿದೆ. ಅದರ ಎರಡೂ ಪಕ್ಕದ ಮನೆಯೋರು, ನಾವು, ಎದುರು ಮನೆ ತಾತ ಸೇರಿ ತಗೊಂಡೋರ ಆಫೀಸಿಗೆ ಕಾಗದ ಬರೆದು ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿದ್ವಿ, ಗುದ್ದಲಿ ಪೂಜೆಗೆ ಮುಂಚೆ ನಮ್ಮ ಮನೆಗಳನ್ನ ಬಂದು ನೋಡಿ ಅಂತ. ಅವರ ಇಂಜಿನಿಯರ್ ಫೋನ್ ಮಾಡಿದ್ದ, ಭಾನುವಾರ ಕ್ಯಾಮೆರಾ ತಗೊಂಡು ಬರ್ತಾನಂತೆ.